ಚರ್ಮದ ಖರ್ಚು-ಜಮೆ: ಪ್ಲಾಸ್ಟಿಕ್ ಸರ್ಜರಿ ಹೇಗೆ ನಡೆಯುತ್ತದೆ?

ವಾಣಿಜ್ಯ ವಿಭಾಗದ ಹುಡುಗಿ ಆಪರೇಷನ್ ಬಗ್ಗೆ ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ನಾನು ಜೀವಶಾಸ್ತ್ರ ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ. ಆದರೆ ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮನಿಗೆ ಪ್ಲಾಸ್ಟಿಕ್ ಸರ್ಜರಿ ಆಯಿತು. ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಅಮ್ಮಿಗೆ ಕನ್ನಡ ಅರ್ಧ ತಿಳಿಯುತ್ತದೆ, ನಾನಿಗೆ ಅದೂ ಇಲ್ಲ. ಅಬ್ಬಾ ಲಾರಿ ತೆಗೆದುಕೊಂಡು ಹೊರರಾಜ್ಯಕ್ಕೆ ಹೋಗಿದ್ದರು. ಹೀಗಾಗಿ ಡಾಕ್ಟರು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿಗೂ, ನಾನಿ ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡಕ್ಕೂ ತರುವ ಕೆಲಸ ನನ್ನ ಪಾಲಿಗೆ ಬಂತು. ನನಗೇ ಅರ್ಥವಾಗದಿದ್ದರೆ ಅವರಿಗೆ ಏನು ಹೇಳಲಿ? ಅವರಿಗೆ ಅರ್ಥವಾಗದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುತ್ತಿರಲಿಲ್ಲ. ಅದಕ್ಕೇ ಕೇಳಿ, ಓದಿ, ಕಲಿತೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ವಿಭಾಗದ ಗೆಳತಿಯರು ತಪ್ಪು ಕಂಡರೆ ತಿದ್ದಬೇಕು.

ನಡೆದದ್ದು ಏನು?

ತಮ್ಮನಿಗೆ ನಾಲ್ಕು ವರ್ಷವಿದ್ದಾಗ ಕುದಿಯುವ ಚಹಾದ ಪಾತ್ರೆ ಎಳೆದು ಬಲಗೈ ಮೇಲೆ ಹಾಕಿಕೊಂಡ. ಮೊಣಕೈಯ ಒಳಭಾಗ ಆಳವಾಗಿ ಸುಟ್ಟಿತು. ನಾವು ಮಾಡಿದ ಮೊದಲ ಕೆಲಸ ಟೂತ್‌ಪೇಸ್ಟ್ ಹಚ್ಚಿದ್ದು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕೈ ಚಾಚಿದರೆ ಅಳುತ್ತಿದ್ದ, ಮಡಚಿಕೊಂಡರೆ ಸುಮ್ಮನಾಗುತ್ತಿದ್ದ. ನಾವು ಮಡಚಿಯೇ ಇಟ್ಟುಕೊಳ್ಳಲಿ ಎಂದು ಬಿಟ್ಟೆವು. ಗಾಯ ಮಾದ ಮೇಲೆ ಕೈ ಪೂರ್ತಿ ಚಾಚಲು ಬರಲೇ ಇಲ್ಲ. ಮೇಲ್ತೋಳಿಗೂ ಮುಂಗೈಗೂ ನಡುವೆ ಹಗ್ಗ ಬಿಗಿದ ಹಾಗೆ ಚರ್ಮ ಗಟ್ಟಿಯಾಗಿ ಎಳೆದು ನಿಂತಿತು. ಇದಕ್ಕೆ ವೈದ್ಯರು ಕಾಂಟ್ರಾಕ್ಚರ್ ಎನ್ನುತ್ತಾರೆ. ಅಂದರೆ ಸುಟ್ಟ ಗಾಯದ ಕಲೆ ಕುಗ್ಗಿ ಕೀಲನ್ನು ಎಳೆದು ಹಿಡಿಯುವುದು.

ಓಣಿಯಲ್ಲಿ ಕ್ರಿಕೆಟ್ ಆಡುವಾಗ ಅವನು ಬೌಲಿಂಗ್ ಮಾಡಿದರೆ ಹುಡುಗರು ಪ್ರತಿ ಬಾಲಿಗೂ ‘ನೋ ಬಾಲ್’ ಎಂದು ಕೂಗುತ್ತಿದ್ದರು. ನಮಾಜಿನಲ್ಲಿ ರುಕೂ ಮಾಡುವಾಗ ಎಡಗೈ ಮೊಣಕಾಲಿಗೆ ಮುಟ್ಟುತ್ತಿತ್ತು, ಬಲಗೈ ಮುಟ್ಟುತ್ತಿರಲಿಲ್ಲ. ಹೀಗೆ ಐದು ವರ್ಷ ಕಳೆಯಿತು. ಪ್ಲಾಸ್ಟಿಕ್ ಸರ್ಜರಿ ಎಂದರೆ ಸಿನಿಮಾದವರು ಲಕ್ಷಾಂತರ ಖರ್ಚು ಮಾಡಿ ಮಾಡಿಸಿಕೊಳ್ಳುವುದು ಎಂದೇ ನಾವು ತಿಳಿದಿದ್ದೆವು.

ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರು, “ನೋಡವಾ, ನಿಮ್ಮ ಅಮ್ಮಿಗೆ ತಿಳಿಸಿ ಹೇಳು. ಬಿಗಿದ ಚರ್ಮವನ್ನು ಬಿಡಿಸಿ, ತೊಡೆಯಿಂದ ಚರ್ಮ ತೆಗೆದು ಇಲ್ಲಿ ಹಾಕುತ್ತೇವೆ” ಎಂದರು. ನಾನು ಉರ್ದುವಿನಲ್ಲಿ ಹೇಳಿದೆ. ನಾನಿ ಮೂರು ಪ್ರಶ್ನೆ ಕೇಳಿದರು. ಈ ಲೇಖನ ಆ ಮೂರು ಪ್ರಶ್ನೆಗಳಿಗೆ ಉತ್ತರ.

ಮೊದಲ ಪ್ರಶ್ನೆ: “ಪ್ಲಾಸ್ಟಿಕ್ ಡಾಲ್ತೇ ಕ್ಯಾ?”

ಅಂದರೆ, ‘ಪ್ಲಾಸ್ಟಿಕ್ ಹಾಕುತ್ತಾರೇನು?’ ಎಂದು. ನಗಬೇಡಿ, ನಮ್ಮ ಕ್ಲಾಸಿನಲ್ಲಿ ಕೇಳಿದರೂ ಅರ್ಧ ಜನ ಹಾಗೇ ತಿಳಿದಿದ್ದಾರೆ.

ಇಲ್ಲಿ ಪ್ಲಾಸ್ಟಿಕ್ ಎಂಬುದು ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಗ್ರೀಕ್ ಭಾಷೆಯ ‘ಪ್ಲಾಸ್ಟಿಕೋಸ್’ ಎಂಬ ಪದಕ್ಕೆ ಮಣ್ಣು, ಮೇಣವನ್ನು ತಿದ್ದಿ ಆಕಾರ ಕೊಡುವುದು ಎಂಬ ಅರ್ಥವಿದೆ. ಎಡುವಾರ್ಡ್ ಝೈಸ್ ಎಂಬ ಜರ್ಮನ್ ವೈದ್ಯರು ಪ್ಲಾಸ್ಟಿಕ್ ಸರ್ಜರಿ ಎಂಬ ಹೆಸರಿಟ್ಟು ಪುಸ್ತಕ ಬರೆದದ್ದು 1838ರಲ್ಲಿ. ಬೇಕಲೈಟ್ ಎಂಬ ಪೂರ್ತಿ ಕೃತಕವಾದ ಪ್ಲಾಸ್ಟಿಕ್ ಬಂದದ್ದು 1907ರಲ್ಲಿ. ಅಂದರೆ ಆ ಪ್ಲಾಸ್ಟಿಕ್ಕಿಗಿಂತ ಈ ಸರ್ಜರಿಯ ಹೆಸರೇ ಹಳೆಯದು.

ಇದರಲ್ಲಿ ಎರಡು ಭಾಗ. ಚೆನ್ನಾಗಿರುವುದನ್ನು ಇನ್ನೂ ಚೆಂದ ಮಾಡಿಸಿಕೊಳ್ಳುವುದು ಸೌಂದರ್ಯ ಶಸ್ತ್ರಚಿಕಿತ್ಸೆ. ಸುಟ್ಟದ್ದು, ಹರಿದದ್ದು, ಹುಟ್ಟಿನಿಂದಲೇ ಸೀಳಿದ್ದು, ಕ್ಯಾನ್ಸರಿಗಾಗಿ ತೆಗೆದದ್ದು, ಇವುಗಳನ್ನು ಮತ್ತೆ ಕಟ್ಟುವುದು ಪುನರ್‌ನಿರ್ಮಾಣ ಶಸ್ತ್ರಚಿಕಿತ್ಸೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಎರಡನೇ ಪ್ರಶ್ನೆ: “ಮಗುವಿನ ಒಳ್ಳೆಯ ತೊಡೆ ಯಾಕೆ ಕೊಯ್ಯಬೇಕು? ನನ್ನ ಚರ್ಮ ತೆಗೆದುಕೊಳ್ಳಿ”

ಇದನ್ನು ಕನ್ನಡಕ್ಕೆ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಡಾಕ್ಟರು ನಗಲಿಲ್ಲ, ಕುಳಿತು ವಿವರಿಸಿದರು. ಒಬ್ಬರ ಚರ್ಮ ಇನ್ನೊಬ್ಬರಿಗೆ ನಿಲ್ಲುವುದಿಲ್ಲ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ಕೆಲವು ವಾರಗಳಲ್ಲಿ ತಿರಸ್ಕರಿಸುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ಮಾತ್ರ ಈ ತೊಂದರೆ ಇಲ್ಲ. ಮೈಯೆಲ್ಲ ಸುಟ್ಟವರಿಗೆ ದಾನಿಗಳ ಚರ್ಮ ಹೊದಿಸುತ್ತಾರೆ ನಿಜ. ಆದರೆ ಅದು ಸ್ವಂತ ಚರ್ಮ ಹಾಕುವವರೆಗೆ ಪ್ರಾಣ ಉಳಿಸುವ ತಾತ್ಕಾಲಿಕ ಹೊದಿಕೆ. ಕಾಯಂ ಆಗಿ ನಿಲ್ಲುವುದು ಸ್ವಂತ ಚರ್ಮವೇ.

ಇದನ್ನು ಕೇಳಿದಾಗ ನನಗೆ ನಮ್ಮ ಲೆಕ್ಕಶಾಸ್ತ್ರ ನೆನಪಾಯಿತು. ದ್ವಿ-ನಮೂದು ಪದ್ಧತಿಯಲ್ಲಿ ಒಂದು ಖಾತೆಗೆ ಏನಾದರೂ ಬಂದರೆ ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಸುಮ್ಮನೆ ಹುಟ್ಟಿದ ಹಣವಿಲ್ಲ. ದೇಹದಲ್ಲೂ ಹಾಗೆಯೇ. ಮೊಣಕೈಗೆ ಚರ್ಮ ಬರಬೇಕಾದರೆ ಎಲ್ಲಿಂದಲೋ ಹೋಗಬೇಕು. ಕೊಡುವ ಜಾಗಕ್ಕೆ ವೈದ್ಯರು ‘ಡೋನರ್ ಸೈಟ್’ ಎನ್ನುತ್ತಾರೆ. ಆ ನಷ್ಟವನ್ನು ತಡೆದುಕೊಳ್ಳಬಲ್ಲ ಜಾಗವನ್ನೇ ಆರಿಸುವುದರಲ್ಲಿ ಅರ್ಧ ಜಾಣ್ಮೆ ಇದೆ.

ಇನ್ನರ್ಧ ಇರುವುದು ರಕ್ತದಲ್ಲಿ. ಚರ್ಮ ಜೀವಂತ ವಸ್ತು. ರಕ್ತ ಸಿಗದಿದ್ದರೆ ಸಾಯುತ್ತದೆ. ಆದ್ದರಿಂದ ಚರ್ಮವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಪ್ರತಿಯೊಂದು ವಿಧಾನವೂ ‘ಹೊಸ ಜಾಗದಲ್ಲಿ ಇದಕ್ಕೆ ರಕ್ತ ಎಲ್ಲಿಂದ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಮುಖ್ಯವಾಗಿ ಎರಡು ಉತ್ತರಗಳಿವೆ. ಹೊಸ ಜಾಗದಲ್ಲೇ ರಕ್ತ ಹುಡುಕಿಕೊಳ್ಳುವುದು ಗ್ರಾಫ್ಟ್, ಅಂದರೆ ಚರ್ಮ ಕಸಿ. ತನ್ನ ರಕ್ತವನ್ನು ತಾನೇ ಹೊತ್ತು ತರುವುದು ಫ್ಲ್ಯಾಪ್.

ಚರ್ಮ ಕಸಿ (ಗ್ರಾಫ್ಟ್)

ಉರ್ದುವಿನಲ್ಲಿ ಬಟ್ಟೆಗೆ ಹಾಕುವ ತೇಪೆಗೂ ಗಿಡಕ್ಕೆ ಮಾಡುವ ಕಸಿಗೂ ಒಂದೇ ಪದವಿದೆ: ‘ಪೈವಂದ್’. ನಾನಿ ಜೀವನವೆಲ್ಲ ಹೊಲಿಗೆ ಮಾಡಿದವರು. ಪೈವಂದ್ ಎಂದ ತಕ್ಷಣ ಅವರಿಗೆ ಅರ್ಥವಾಯಿತು.

ಚರ್ಮಕ್ಕೆ ಎರಡು ಪದರಗಳು. ಮೇಲೆ ತೆಳುವಾದ ಹೊರಚರ್ಮ, ಕೆಳಗೆ ದಪ್ಪನೆಯ ಒಳಚರ್ಮ. ತೆಳು ಕಸಿಯಲ್ಲಿ ಹೊರಚರ್ಮವನ್ನು ಪೂರ್ತಿಯಾಗಿ, ಒಳಚರ್ಮವನ್ನು ಸ್ವಲ್ಪ ಮಾತ್ರ ತೆಗೆಯುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಮೂರು ನಾಲ್ಕು ಝೆರಾಕ್ಸ್ ಹಾಳೆ ಜೋಡಿಸಿ ಹಿಡಿದಷ್ಟು ಎನ್ನಿ. ಹಂಬಿ ಚಾಕು ಎಂಬ ಉದ್ದನೆಯ ಚಾಕುವಿನಿಂದ ಅಥವಾ ಡರ್ಮಟೋಮ್ ಎಂಬ ಯಂತ್ರದಿಂದ ಇದನ್ನು ಹೆರೆದು ತೆಗೆಯುತ್ತಾರೆ. ತೊಡೆಯಲ್ಲಿ ಉಳಿದ ಒಳಚರ್ಮದಲ್ಲಿ ಕೂದಲಿನ ಬುಡಗಳೂ ಬೆವರಿನ ಗ್ರಂಥಿಗಳೂ ಇರುತ್ತವೆ. ಅವುಗಳಿಂದಲೇ ಹೊಸ ಹೊರಚರ್ಮ ಬೆಳೆದು ಸುಮಾರು ಎರಡು ವಾರಗಳಲ್ಲಿ ತೊಡೆ ಮುಚ್ಚಿಕೊಳ್ಳುತ್ತದೆ. ತೊಡೆಯನ್ನು ಆರಿಸುವುದು ಇದಕ್ಕೇ. ಜಾಗ ವಿಶಾಲ, ಬಟ್ಟೆಯೊಳಗೆ ಮುಚ್ಚಿರುತ್ತದೆ, ಸಾಲ ಕೊಟ್ಟರೂ ದಿವಾಳಿಯಾಗುವುದಿಲ್ಲ.

ಕಸಿ ಹಾಕಿದ ಮೇಲೆ ಮೊದಲ ಒಂದೆರಡು ದಿನ ಅದಕ್ಕೆ ರಕ್ತವೇ ಇರುವುದಿಲ್ಲ. ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಸ್ಪಂಜಿನ ಹಾಗೆ ಹೀರಿಕೊಂಡು ಬದುಕುತ್ತದೆ. ಎರಡು ಮೂರನೇ ದಿನದಿಂದ ಗಾಯದ ಸೂಕ್ಷ್ಮ ರಕ್ತನಾಳಗಳು ಕಸಿಯ ರಕ್ತನಾಳಗಳ ಜೊತೆ ಸೇರಲು ಶುರುವಾಗುತ್ತವೆ. ಈ ದಿನಗಳಲ್ಲಿ ಕಸಿಯ ಅಡಿಯಲ್ಲಿ ರಕ್ತ ಕಟ್ಟಿದರೆ, ಕೀವಾದರೆ ಅಥವಾ ಕೈ ಅಲುಗಾಡಿ ಕಸಿ ಸರಿದರೆ ಸಂಪರ್ಕ ಕಡಿದು ಚರ್ಮ ಸಾಯುತ್ತದೆ. ಅದಕ್ಕೇ ಮೇಲಿನಿಂದ ಒತ್ತಿ ಕಟ್ಟುವ ಬ್ಯಾಂಡೇಜು, ಕೈಗೆ ಪ್ಲಾಸ್ಟರ್ ಪಟ್ಟಿ. ತಮ್ಮನ ಬ್ಯಾಂಡೇಜನ್ನು ಬಿಚ್ಚಿದ್ದು ಐದನೇ ದಿನ.

ಸುಟ್ಟ ಜಾಗ ದೊಡ್ಡದಾಗಿ, ಕೊಡುವ ಚರ್ಮ ಕಡಿಮೆಯಿದ್ದರೆ ಕಸಿಯಲ್ಲಿ ಸಣ್ಣ ಸಣ್ಣ ಸೀಳು ಮಾಡಿ ಜಾಲರಿಯಂತೆ ಎಳೆದು ಹಿಗ್ಗಿಸುತ್ತಾರೆ. ಜಾಲರಿಯ ತೂತುಗಳು ಆಮೇಲೆ ತಾವಾಗಿ ತುಂಬಿಕೊಳ್ಳುತ್ತವೆ. ಆದರೆ ಜಾಲರಿಯ ಗುರುತು ಉಳಿಯುತ್ತದೆ. ಆದ್ದರಿಂದ ಮುಖಕ್ಕೆ ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ.

ಇನ್ನೊಂದು ಬಗೆ ಪೂರ್ಣ ಕಸಿ. ಇದರಲ್ಲಿ ಎರಡೂ ಪದರಗಳನ್ನು ಪೂರ್ತಿ ತೆಗೆಯುತ್ತಾರೆ. ಇದು ಆಮೇಲೆ ಕಡಿಮೆ ಕುಗ್ಗುತ್ತದೆ, ಬಣ್ಣವೂ ಚೆನ್ನಾಗಿ ಹೊಂದುತ್ತದೆ. ಮುಖಕ್ಕೆ, ಬೆರಳಿಗೆ ಒಳ್ಳೆಯದು. ಆದರೆ ಕೊಟ್ಟ ಜಾಗ ತಾನಾಗಿ ಬೆಳೆಯುವುದಿಲ್ಲ, ಅಂಚುಗಳನ್ನು ಎಳೆದು ಹೊಲಿಯಬೇಕು. ಹಾಗಾಗಿ ಕಿವಿಯ ಹಿಂದೆ, ತೊಡೆಸಂದಿಯಂಥ ಸಡಿಲ ಜಾಗದಿಂದ ಸಣ್ಣ ತುಂಡು ಮಾತ್ರ ಸಿಗುತ್ತದೆ.

ತೊಟ್ಟು ಬಿಡದ ಚರ್ಮ (ಫ್ಲ್ಯಾಪ್)

ಎಲುಬು ಕಾಣುವಂತಹ ಗಾಯವಾದರೆ ಅಲ್ಲಿ ಕಸಿಗೆ ರಕ್ತ ಸಿಗುವುದಿಲ್ಲ. ಆಗ ಚರ್ಮವನ್ನು ಪೂರ್ತಿ ಕತ್ತರಿಸದೆ ಒಂದು ಕಡೆ ತೊಟ್ಟಿನಂತೆ ಉಳಿಸಿಕೊಂಡು ತಿರುಗಿಸಿ ಗಾಯದ ಮೇಲೆ ಕೂರಿಸುತ್ತಾರೆ. ತೊಟ್ಟಿನ ಮೂಲಕ ರಕ್ತ ಬರುತ್ತಲೇ ಇರುತ್ತದೆ. ಲಕೋಟೆಯ ಮುಚ್ಚಳ ನೆನಪಿಸಿಕೊಳ್ಳಿ, ಮೂರು ಕಡೆ ಬಿಡಿ, ಒಂದು ಕಡೆ ಅಂಟಿಕೊಂಡಿರುತ್ತದೆ.

ಈ ವಿದ್ಯೆಯ ಇತಿಹಾಸ ಓದುವಾಗ ನನಗೆ ಆಶ್ಚರ್ಯವಾದದ್ದು ಅದರಲ್ಲಿ ನಮ್ಮ ವಿಜಯಪುರವೇ ಬರುತ್ತದೆ ಎಂಬುದು. ವೆನಿಸ್ಸಿನ ನಿಕೊಲಾವೊ ಮನುಚ್ಚಿ ಎಂಬ ಪ್ರವಾಸಿ ಮೊಘಲರ ಕಾಲದಲ್ಲಿ ಭಾರತದಲ್ಲಿದ್ದ. 1686ರಲ್ಲಿ ಔರಂಗಜೇಬ್ ಬಿಜಾಪುರದ ಮೇಲೆ ನಡೆಸಿದ ಯುದ್ಧದ ಬಗ್ಗೆ ಬರೆಯುತ್ತಾ ಅವನು ಒಂದು ಸಂಗತಿ ಹೇಳುತ್ತಾನೆ. ಹುಲ್ಲು ಕೊಯ್ಯಲು ಹೊರಬಂದ ಮೊಘಲ್ ಪಾಳೆಯದ ಕೂಲಿಯವರು ಬಿಜಾಪುರದ ಸೈನಿಕರ ಕೈಗೆ ಸಿಕ್ಕಿದರೆ ಕೊಲ್ಲದೆ ಮೂಗು ಕೊಯ್ದು ಕಳಿಸುತ್ತಿದ್ದರಂತೆ. ಈ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಕೊಯ್ದು, ತಿರುಚಿ ಕೆಳಗಿಳಿಸಿ ಮೂಗು ಮಾಡುತ್ತಿದ್ದರಂತೆ. ಅಂತಹ ಮೂಗಿನವರನ್ನು ತಾನೇ ಕಂಡಿದ್ದೇನೆ ಎಂದು ಅವನು ಬರೆದಿದ್ದಾನೆ.

ಇದಕ್ಕಿಂತ ಪೂರ್ತಿಯಾದ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಬಂತು. ಕಾವಸ್‌ಜಿ ಎಂಬ ಮರಾಠಿ ರೈತ 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ವರದಿ ಹೇಳುತ್ತದೆ. ಬರೆದವರು ಶತ್ರುಪಕ್ಷದವರು ಎಂಬುದು ನೆನಪಿರಲಿ. ಆದರೂ ಟಿಪ್ಪು ಎಂದರೆ ನಮಗೆ ಅಭಿಮಾನ ಎಂಬ ಕಾರಣಕ್ಕೆ ಈ ಮಾತನ್ನು ಬಿಟ್ಟು ಬರೆಯುವುದು ಸರಿಯಲ್ಲ ಎಂದು ನನಗೆ ಅನಿಸಿತು. ಅಂದಿನ ಯುದ್ಧಗಳಲ್ಲಿ ಮೂಗು ಕಳೆದುಕೊಂಡವರು ಹೆಚ್ಚಾಗಿ ಇಂತಹ ಗಾಡಿಯವರು, ಹುಲ್ಲು ಕೊಯ್ಯುವವರು, ಬಡವರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕಾವಸ್‌ಜಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಮೂಗು ಮಾಡಿಕೊಟ್ಟ. ಅವನ ವಿಧಾನ ಹೀಗಿತ್ತು:

1. ತೆಳುವಾದ ಮೇಣದ ತಗಡನ್ನು ಹಳೆಯ ಮೂಗಿನ ಜಾಗದ ಮೇಲಿಟ್ಟು ಮೂಗಿನ ಆಕಾರ ಮಾಡಿದ.

2. ಆ ಮೇಣವನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ದರ್ಜಿ ಬಟ್ಟೆಯ ಮೇಲೆ ಅಳತೆಯ ಕಾಗದ ಇಟ್ಟು ಗುರುತು ಹಾಕುವ ಹಾಗೆ.

3. ಗೆರೆಯಂತೆ ಚರ್ಮವನ್ನು ಬಿಡಿಸಿದ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿದ. ರಕ್ತ ಬರುವ ತೊಟ್ಟು ಇದೇ.

4. ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೂಗಿನ ಅಂಚಿನಲ್ಲಿ ಮಾಡಿದ ಸೀಳಿನಲ್ಲಿ ಕೂರಿಸಿದ. ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಒಂದರ ಮೇಲೊಂದು ಅಂಟಿಸಿದ.

5. ನಾಲ್ಕು ದಿನದ ನಂತರ ಅದನ್ನು ತೆಗೆದು ತುಪ್ಪದಲ್ಲಿ ನೆನೆಸಿದ ಬಟ್ಟೆ ಹಾಕಿದ. ಹತ್ತನೇ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆ ತುರುಕಿದ.

6. ಸುಮಾರು 25ನೇ ದಿನ ತೊಟ್ಟನ್ನು ಕತ್ತರಿಸಿದ. ಅಷ್ಟರಲ್ಲಿ ಹೊಸ ಜಾಗದಿಂದಲೇ ರಕ್ತ ಬರತೊಡಗಿತ್ತು.

ಸುಶ್ರುತ ಸಂಹಿತೆಯಲ್ಲೂ ಮೂಗು ಮಾಡುವ ವಿಧಾನವಿದೆ. ಅಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮವನ್ನು ಬಳಸಲು ಹೇಳಿದೆ. ಉಸಿರಾಟಕ್ಕೆ ಔಡಲದ ದಂಟಿನ ಕೊಳವೆ ಇಡಬೇಕು ಎಂದಿದೆ. ಇಟಲಿಯಲ್ಲಿ ತಾಲಿಯಕೊಝಿ ಎಂಬ ವೈದ್ಯರು 1597ರಲ್ಲಿ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ತೋಳಿನ ಚರ್ಮವನ್ನು ಮೂಗಿಗೆ ಹೊಲಿದು, ಅದು ಕೂಡುವವರೆಗೆ ತೋಳನ್ನು ತಲೆಗೆ ಕಟ್ಟಿ ಇಡಬೇಕಿತ್ತು. ಎಲ್ಲ ಕಡೆಯೂ ನಿಯಮ ಒಂದೇ: ತೊಟ್ಟು ಬಿಡಬಾರದು.

ಪುಣೆಯ ವರದಿ ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಹಣೆಯ ಚರ್ಮದಿಂದ ಮೂಗು ಮಾಡಿ ಯಶಸ್ವಿಯಾದರು. 1816ರಲ್ಲಿ ಅದರ ಪುಸ್ತಕ ಬರೆದರು. ಯುರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿದ್ದು ಆಮೇಲೆ. ಹಣೆಯ ಚರ್ಮದಿಂದ ಮೂಗು ಮಾಡುವ ವಿಧಾನ ಇಂದೂ ಬಳಕೆಯಲ್ಲಿದೆ. ಆ ಇಟ್ಟಿಗೆಯವನ ಹೆಸರನ್ನು ಮಾತ್ರ ಪತ್ರಿಕೆ ಬರೆಯಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರ ಮುಖ ಛಿದ್ರವಾಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಹೆರಾಲ್ಡ್ ಗಿಲೀಸ್ ಎಂಬ ವೈದ್ಯರು ಇಂಗ್ಲೆಂಡಿನ ಸಿಡ್‌ಕಪ್ ಎಂಬಲ್ಲಿ 1917ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ಕೊಟ್ಟರು. ಜಟ್‌ಲ್ಯಾಂಡ್ ನೌಕಾಯುದ್ಧದಲ್ಲಿ ಮುಖ ಸುಟ್ಟುಕೊಂಡ ಒಬ್ಬ ನಾವಿಕನಿಗೆ ಎದೆಯ ಚರ್ಮವನ್ನು ಎತ್ತುವಾಗ, ತೊಟ್ಟಿನ ಎರಡು ಅಂಚುಗಳು ಒಳಕ್ಕೆ ಸುರುಳಿಯಾಗುವುದನ್ನು ಅವರು ಗಮನಿಸಿದರು. ಆ ಅಂಚುಗಳನ್ನು ಹೊಲಿದು ಕೊಳವೆ ಮಾಡಿದರು. ಒಳಗಿನ ಹಸಿ ಭಾಗ ಮುಚ್ಚಿಕೊಂಡದ್ದರಿಂದ ಕೀವಾಗುವುದು ಕಡಿಮೆಯಾಯಿತು, ರಕ್ತವೂ ಚೆನ್ನಾಗಿ ಹರಿಯಿತು. ಆಗ ಪೆನ್ಸಿಲಿನ್ ಇನ್ನೂ ಬಂದಿರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಈಗ ಇನ್ನೂ ಮುಂದೆ ಹೋಗಿದ್ದಾರೆ. ಚರ್ಮವನ್ನು ಅದರ ರಕ್ತನಾಳದ ಸಮೇತ ಪೂರ್ತಿ ಬಿಡಿಸಿ ದೂರದ ಗಾಯಕ್ಕೆ ಒಯ್ದು, ಅಲ್ಲಿನ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್, ಹೊಲಿಯುವ ದಾರ ಕೂದಲಿಗಿಂತ ಸಣ್ಣ. 1970ರ ದಶಕದಿಂದ ಬೆಳೆದ ಈ ವಿಧಾನಕ್ಕೆ ಫ್ರೀ ಫ್ಲ್ಯಾಪ್ ಎನ್ನುತ್ತಾರೆ. ಇಲ್ಲಿ ತೊಟ್ಟನ್ನು ಕಡಿದರೂ ಕೂಡಲೇ ಹೊಸ ಜಾಗದಲ್ಲಿ ಜೋಡಿಸುತ್ತಾರೆ.

ಝಡ್ ಲೆಕ್ಕ

ತಮ್ಮನ ಮೊಣಕೈಯ ಅಂಚಿನಲ್ಲಿದ್ದ ಬಿಗಿಯಾದ ಪಟ್ಟಿಗೆ ಡಾಕ್ಟರು ಝಡ್-ಪ್ಲಾಸ್ಟಿ ಮಾಡಿದರು. ಇದು ನನಗೆ ತುಂಬಾ ಇಷ್ಟವಾದ ವಿಧಾನ, ಏಕೆಂದರೆ ಇದು ಹೈಸ್ಕೂಲಿನ ರೇಖಾಗಣಿತ.

ಬಿಗಿದ ಗೆರೆಯ ಉದ್ದ 4 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದರ ಎರಡು ತುದಿಗಳಿಂದ ವಿರುದ್ಧ ದಿಕ್ಕಿಗೆ 60 ಡಿಗ್ರಿ ಕೋನದಲ್ಲಿ ಅಷ್ಟೇ ಉದ್ದದ ಎರಡು ಗೆರೆ ಎಳೆದರೆ ಇಂಗ್ಲಿಷಿನ ಝಡ್ ಅಕ್ಷರವಾಗುತ್ತದೆ. ಮೂರೂ ಗೆರೆಗಳನ್ನು ಕೊಯ್ದರೆ ಎರಡು ತ್ರಿಕೋನದ ಚರ್ಮ ಸಿಗುತ್ತದೆ. ಅವನ್ನು ಅದಲುಬದಲು ಮಾಡಿ ಹೊಲಿದರೆ ನಡುವಿನ ಗೆರೆ ಅಡ್ಡಕ್ಕೆ ತಿರುಗುತ್ತದೆ. ಮೊದಲು 4 ಸೆಂ.ಮೀ. ದೂರದಲ್ಲಿದ್ದ ಎರಡು ತುದಿಗಳು ಈಗ 4 × √3, ಅಂದರೆ ಸುಮಾರು 6.9 ಸೆಂ.ಮೀ. ದೂರ ಹೋಗುತ್ತವೆ. ಇದು ಕಾಗದದ ಲೆಕ್ಕ. ನಿಜವಾದ ಚರ್ಮದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ ಸಿಗುತ್ತದೆ.

ಹೊಸ ಚರ್ಮ ಹಾಕದೆಯೇ ಉದ್ದ ಬಂದದ್ದು ಎಲ್ಲಿಂದ? ಅಗಲದಿಂದ. ಅಡ್ಡಕ್ಕೆ 6.9 ಇದ್ದದ್ದು ಈಗ 4 ಆಗಿದೆ. ತಾಳೆ ಪಟ್ಟಿ ಸರಿಹೊಂದಿತು. ಆದ್ದರಿಂದಲೇ ಅಕ್ಕಪಕ್ಕದ ಚರ್ಮ ಸಡಿಲವಾಗಿದ್ದರೆ ಮಾತ್ರ ಇದು ಸಾಧ್ಯ. ಹಳೆಯ ಬನಿಯನ್ ಬಟ್ಟೆಯ ಮೇಲೆ ಝಡ್ ಬರೆದು ಕತ್ತರಿಸಿ ಹೊಲಿದು ನೋಡಿ. ನಾನಿ ಮತ್ತು ನಾನು ಹಾಗೇ ಮಾಡಿ ನೋಡಿದೆವು. ಆಮೇಲೆ ನಾನಿಗೆ ಡಾಕ್ಟರ ಮೇಲೆ ನಂಬಿಕೆ ಬಂತು.

ಮೂರನೇ ಪ್ರಶ್ನೆ: “ಇದು ಜಾಯಿಝ್ ಆಗುತ್ತದಾ?”

ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತೆ ಆಗುವುದಿಲ್ಲವೇ ಎಂಬುದು ನಾನಿಯ ಭಯ. ಇದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ನಾವು ಮಸೀದಿಯ ಇಮಾಮ್ ಸಾಹೇಬರನ್ನು ಕೇಳಿದೆವು. ಅವರು ಅರ್ಫಜಾ ಇಬ್ನ್ ಅಸ್‌ಅದ್ (ರ) ಅವರ ಪ್ರಸಂಗ ಹೇಳಿದರು. ಅರ್ಫಜಾ ಅವರು ಇಸ್ಲಾಮಿಗೂ ಮುಂಚಿನ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡರೆ ಅದು ದುರ್ವಾಸನೆ ಬರತೊಡಗಿತು. ಆಗ ಪ್ರವಾದಿಯವರು (ಸ) ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನದ ಒಡವೆ ನಿಷಿದ್ಧವಾಗಿದ್ದರೂ ಕಳೆದುಹೋದ ಅಂಗಕ್ಕಾಗಿ ಅನುಮತಿ ಸಿಕ್ಕಿತು. ಇದು ಅಬೂ ದಾವೂದ್ ಮತ್ತು ತಿರ್ಮಿಝಿ ಸಂಗ್ರಹಗಳಲ್ಲಿದೆ. “ಕೆಟ್ಟದ್ದನ್ನು ಸರಿಪಡಿಸುವುದು ಬೇರೆ, ಶೋಕಿಗೆ ಬದಲಿಸುವುದು ಬೇರೆ. ಮಗುವಿನ ಕೈ ಚಾಚಲಿ, ಬಿಸ್ಮಿಲ್ಲಾ ಮಾಡಿ” ಎಂದರು. ನಾನಿ ಅಮ್ಮಿಗೆ, “ಸಹಿ ಮಾಡು” ಎಂದರು.

ಆಮೇಲೆ ಏನಾಯಿತು?

ಆಪರೇಷನ್ನಿಗೆ ಹಣ ಬೇಕಾಗಲಿಲ್ಲ. ಸುಟ್ಟ ಗಾಯದ ಕಾಂಟ್ರಾಕ್ಚರ್ ಬಿಡಿಸುವ ಶಸ್ತ್ರಚಿಕಿತ್ಸೆ ಆಯುಷ್ಮಾನ್ ಭಾರತ್ ಯೋಜನೆಯ ಪಟ್ಟಿಯಲ್ಲಿದೆ. ನಮ್ಮ ಬಿಪಿಎಲ್ ಕಾರ್ಡಿನ ಮೇಲೆ ಎಲ್ಲವೂ ಆಯಿತು. ಐದು ವರ್ಷ ನಾವು ಹೆದರಿದ್ದ ಖರ್ಚು ನಮ್ಮ ಮೇಲೆ ಬೀಳಲೇ ಇಲ್ಲ.

ಎಚ್ಚರವಾದ ಮೇಲೆ ತಮ್ಮ ಮೊಣಕೈಗಿಂತ ತೊಡೆ ನೋಯುತ್ತದೆ ಎಂದು ಅತ್ತ. ತೊಡೆಯಲ್ಲಿ ನರಗಳ ತುದಿಗಳು ತೆರೆದುಕೊಂಡಿರುವುದರಿಂದ ಹಾಗೆ ಆಗುತ್ತದೆಂದು ಸಿಸ್ಟರ್ ಹೇಳಿದರು. ಐದನೇ ದಿನ ಬ್ಯಾಂಡೇಜು ಬಿಚ್ಚಿದಾಗ ಕಸಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರಕ್ತ ಸಿಕ್ಕಿದೆ ಎಂಬುದಕ್ಕೆ ಅದೇ ಗುರುತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಾಕಿದ ಕಸಿಯೂ ತಿಂಗಳುಗಟ್ಟಲೆ ಕುಗ್ಗಲು ನೋಡುತ್ತದೆ. ಹಾಗಾಗಿ ಕೈ ಚಾಚಿದ ಸ್ಥಿತಿಯಲ್ಲೇ ಇರುವಂತೆ ಸ್ಪ್ಲಿಂಟ್ ಕಟ್ಟಬೇಕು, ವ್ಯಾಯಾಮ ಮಾಡಿಸಬೇಕು, ಎಣ್ಣೆ ಹಚ್ಚಿ ತಿಕ್ಕಬೇಕು. ಅಮ್ಮಿ ಆರು ತಿಂಗಳು ರಾತ್ರಿ ಎದ್ದು ಸ್ಪ್ಲಿಂಟ್ ಸಡಿಲವಾಗಿದೆಯೇ ಎಂದು ನೋಡಿದರು. ಇದನ್ನು ಬಿಟ್ಟರೆ ಆಪರೇಷನ್ ಮಾಡಿಸಿಯೂ ಪ್ರಯೋಜನವಿಲ್ಲ.

ಕೈ ಈಗಲೂ ನೂರಕ್ಕೆ ನೂರು ಚಾಚುವುದಿಲ್ಲ. ಐದು ವರ್ಷ ಮಡಚಿಯೇ ಇದ್ದ ಕೀಲು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಬೇಗ ಬಂದಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಾನು ಉರ್ದುವಿಗೆ ಮಾಡಿ ಹೇಳಲಿಲ್ಲ. ಅಮ್ಮಿಗೆ ಅಷ್ಟು ಕನ್ನಡ ಅರ್ಥವಾಗಿತ್ತು.

ನೆನಪಿಡಬೇಕಾದದ್ದು

• ಸುಟ್ಟ ತಕ್ಷಣ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಐಸ್ ಬೇಡ. ಮಗುವಾದರೆ ಉಳಿದ ಮೈ ಬೆಚ್ಚಗಿರಲಿ.

• ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ ಯಾವುದನ್ನೂ ಹಚ್ಚಬೇಡಿ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

• ಮೂರು ವಾರದಲ್ಲಿ ಮಾಯದ ಸುಟ್ಟ ಗಾಯಕ್ಕೆ ಕಸಿ ಬೇಕಾಗಬಹುದು. ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ.

• ಕೀಲಿನ ಮೇಲೆ ಸುಟ್ಟಿದ್ದರೆ, ನೋವು ಕಡಿಮೆಯಾಗುವ ಭಂಗಿಯೇ ಮುಂದೆ ಕೀಲು ಕಟ್ಟಿಕೊಳ್ಳುವ ಭಂಗಿ. ಡಾಕ್ಟರು ಹೇಳಿದಂತೆ ಚಾಚಿ ಇಡಿ, ಮಗು ಅತ್ತರೂ.

ತಮ್ಮನ ತೊಡೆಯ ಮೇಲೆ ಈಗ ಸುಮಾರು ಒಂದು ಪೋಸ್ಟ್‌ಕಾರ್ಡಿನಷ್ಟು ಜಾಗ ಬೇರೆ ಬಣ್ಣವಾಗಿದೆ. ಅದು ಪೂರ್ತಿ ಹೋಗುವುದಿಲ್ಲ. ಮೊಣಕೈಗೆ ಬಂದದ್ದಕ್ಕೆ ತೊಡೆ ಬರೆದಿಟ್ಟ ಲೆಕ್ಕ ಅದು. ಬಲಗೈ ಈಗ ರುಕೂವಿನಲ್ಲಿ ಮೊಣಕಾಲಿಗೆ ಮುಟ್ಟುತ್ತದೆ. ಬೌಲಿಂಗ್ ಮಾತ್ರ ಇನ್ನೂ ಕೆಟ್ಟದಾಗಿಯೇ ಇದೆ, ಆದರೆ ಯಾರೂ ‘ನೋ ಬಾಲ್’ ಎನ್ನುವುದಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಸುಟ್ಟು ಮಡಚಿಕೊಂಡ ಕೈಯೋ ಕತ್ತೋ ಇರುವ ಮಗು ಇದ್ದರೆ ದಯವಿಟ್ಟು ಅವರ ಮನೆಯವರಿಗೆ ಈ ಲೇಖನ ಓದಿ ಹೇಳಿ. ಅವರ ಮನೆಯ ಭಾಷೆಯಲ್ಲೇ ಹೇಳಿ.